ನಿಮ್ಮ ದಿನ ಯಾವುದು?

ಕೀಲುವಾತದ ಹೊರರೋಗಿ ವಿಭಾಗವೆಂದರೆ ವೈದ್ಯರು ಔಷಧ ಬರೆದುಕೊಡುವ ಕೋಣೆ ಎಂದು ತಿಳಿದವರೇ ಹೆಚ್ಚು. ಬರೆದುಕೊಟ್ಟ ಔಷಧವು ಮನೆಯ ಕಪಾಟನ್ನು ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ಮೂವತ್ತನಾಲ್ಕು ವರ್ಷಗಳ ಕಾಲ ಬೆನ್ನುಬಿಡದೆ ವಿಚಾರಿಸಿದವರು ಈ ಸಂಪುಟದ ಗೌರವಕ್ಕೆ ಪಾತ್ರರಾದ ಸಿಸ್ಟರ್. ಈ ರೋಗ ಬಂದರೆ ಹೋಗುವುದಿಲ್ಲ. ಅದರ ಜೊತೆಯಲ್ಲಿ ಬಾಳುವುದನ್ನು ಯಾರಾದರೂ ಕಲಿಸಬೇಕು. ಕಲಿಸಿದವರು ಇವರು.

ಅವರು ಸೇವೆಗೆ ಸೇರಿದಾಗ ಆ ಕೋಣೆಯ ಬಾಗಿಲಿಗೆ ತಿರುಗಿಸುವ ಗುಂಡು ಹಿಡಿ ಇತ್ತು. ರೋಗಿಗಳು ಅದನ್ನು ತಿರುಗಿಸಲಾರದೆ, ಬೇರೆ ಯಾರಾದರೂ ತೆರೆಯಲೆಂದು ಹೊರಗೆ ನಿಂತಿರುತ್ತಿದ್ದುದನ್ನು ಮೊದಲು ಕಂಡವರು ಅವರೇ. ಒಂದು ವರ್ಷ ಅರ್ಜಿ ಬರೆದು, ಕಡೆಗೆ ಬಡಗಿಯನ್ನು ತಾವೇ ಕರೆತಂದು, ಮೊಣಕೈಯಿಂದ ಒತ್ತಿದರೂ ತೆರೆಯುವ ಹಿಡಿಯನ್ನು ಹಾಕಿಸಿದರು.

ಹದಿನೈದು ವರ್ಷಗಳ ಹಿಂದೆ ಆ ಬಾಗಿಲನ್ನು ಮೊಣಕೈಯಿಂದ ಒತ್ತಿಕೊಂಡು ಒಳಗೆ ಬಂದವರು ಚಿಕ್ಕ ಮಕ್ಕಳ ಶಾಲೆಯ ಒಬ್ಬ ಟೀಚರ್. ಅವರ ಕೈಯಲ್ಲಿ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ಹಿಂದೆಯೇ ಅವರ ಯಜಮಾನರು ಬಂದರು. ಗಡಿಯಾರ ರಿಪೇರಿ ಮಾಡುವವರು, ಊರಿಗೆಲ್ಲ ಅಚ್ಚುಕಟ್ಟಿಗೆ ಹೆಸರಾದವರು. ಸಿಸ್ಟರ್ ಎರಡು ಬಗೆಯ ಮಾತ್ರೆ ಕೊಟ್ಟರು. ಒಂದು ವಾರಕ್ಕೆ ಒಂದೇ ದಿನ, ಬುಧವಾರ. ಇನ್ನೊಂದು ಉಳಿದ ಆರು ದಿನ. ಎರಡೂ ಹಳದಿ, ಎರಡೂ ಅಂಗಿಯ ಗುಂಡಿಗಿಂತ ಚಿಕ್ಕವು.

ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆಯಲು ಹೆಂಡತಿಗೆ ಬೆರಳು ಸಾಲದೆಂದು ಯಜಮಾನರು ಎಲ್ಲವನ್ನೂ ಬಿಡಿಸಿ, ಗಡಿಯಾರದ ತಿರುಪುಗಳನ್ನು ಇಡುವ ಗಾಜಿನ ಮುಚ್ಚಳದ ಎರಡು ಡಬ್ಬಿಗಳಲ್ಲಿ ತುಂಬಿದರು. ಮುಚ್ಚಳಗಳ ಮೇಲೆ ಮುತ್ತಿನಂತಹ ಅಕ್ಷರದಲ್ಲಿ ಚೀಟಿ ಅಂಟಿಸಿದರು. ಆದರೆ ಒಂದರ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಿದರು.

ಹೊಸ ರೋಗಿಗಳಿಗೆ ಒಂಬತ್ತನೆಯ ದಿನ ದೂರವಾಣಿ ಮಾಡುವುದು ಸಿಸ್ಟರ್ ತಾವಾಗಿ ಇಟ್ಟುಕೊಂಡಿದ್ದ ಪದ್ಧತಿ. ನೋವು ಕಡಿಮೆಯೇ ಎಂದು ಅವರು ಕೇಳುತ್ತಿರಲಿಲ್ಲ. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳುತ್ತಿದ್ದರು. ಬಾಯೆಲ್ಲ ಹುಣ್ಣು, ಹಾಲೂ ಇಳಿಯುತ್ತಿಲ್ಲ, ಮಕ್ಕಳನ್ನು ಬೈದ ಪಾಪ ಇರಬೇಕು ಎಂದು ಟೀಚರ್ ನಗುತ್ತ ಹೇಳಿದರು. ಸಿಸ್ಟರ್ ನಗಲಿಲ್ಲ. ಎರಡು ಡಬ್ಬಿಗಳಲ್ಲಿ ಎಷ್ಟೆಷ್ಟು ಮಾತ್ರೆ ಉಳಿದಿವೆ ಎಂದು ಯಜಮಾನರನ್ನು ಕೇಳಿದರು. ಅವರು ಹೇಳಿದ ಲೆಕ್ಕದಿಂದ ತಿಳಿಯಿತು: ಆರು ದಿನದ ಚೀಟಿಯ ಕೆಳಗೆ ಖಾಲಿಯಾಗುತ್ತ ಬಂದಿದ್ದುದು, ದಿನವೂ ನುಂಗಿದರೆ ವಿಷವಾಗುವ ಬುಧವಾರದ ಮಾತ್ರೆ.

"ಉಟ್ಟ ಬಟ್ಟೇಲೇ ಕರ್ಕೊಂಡು ಬನ್ನಿ. ನಾನು ಗೇಟಿನ ಹತ್ರ ಇರ್ತೀನಿ."

ಗಾಲಿಕುರ್ಚಿ ಹಿಡಿದು ಅವರು ಗೇಟಿನಲ್ಲೇ ನಿಂತಿದ್ದರು. ಟೀಚರ್ ಹನ್ನೊಂದು ದಿನ ವಾರ್ಡಿನಲ್ಲಿ ಸಾವು ಬದುಕಿನ ನಡುವೆ ತೂಗಿದರು. ಕುಸಿದಿದ್ದ ರಕ್ತದ ಬಿಳಿ ಕಣಗಳು ಮತ್ತೆ ಏರಿದ ಬೆಳಿಗ್ಗೆ, ಹೀಗಾದದ್ದು ಹೇಗೆ ಎಂದು ವೈದ್ಯರು ಕೇಳಿದರು. ಯಜಮಾನರು ಅಲ್ಲೇ ಇದ್ದರು.

"ತಪ್ಪು ನನ್ನದು ಡಾಕ್ಟ್ರೇ" ಎಂದರು ಸಿಸ್ಟರ್. "ಒಂದೇ ಥರ ಕಾಣೋ ಮಾತ್ರೆ ಕೊಟ್ಟು, ಬರೀ ಬಾಯಲ್ಲಿ ಹೇಳಿ ಕಳಿಸಿಬಿಟ್ಟೆ."

ಹೊರಗೆ ಬಂದ ಮೇಲೆ ಯಜಮಾನರು, ಮುಚ್ಚಳ ಅದಲುಬದಲಾದದ್ದು ತಮ್ಮ ಕೈಯಿಂದ ಎಂದು ತೊದಲಿದರು.

"ನಿಮ್ಮದೂ ಇದೆ, ನನ್ನದೂ ಇದೆ. ನನ್ನದನ್ನ ನಾನು ಹೇಳಿದೆ. ನಿಮ್ಮದನ್ನ ನಿಮ್ಮ ಮನೆಯವರಿಗೆ ನೀವೇ ಹೇಳ್ಬೇಕು. ಅವರು ಚೇತರಿಸ್ಕೊಳ್ಳಲಿ, ಅವಸರ ಇಲ್ಲ."

ಅಂದಿನಿಂದ ಆ ಕೋಣೆಯಲ್ಲಿ, "ನಿಮ್ಮ ದಿನ ಯಾವುದು?" ಎಂಬ ಪ್ರಶ್ನೆಗೆ ರೋಗಿಯೇ ಬಾಯಿಬಿಟ್ಟು ಉತ್ತರ ಹೇಳದ ಹೊರತು ವೈದ್ಯರ ಬಳಿಗೆ ಚೀಟಿ ಹೋಗುತ್ತಿರಲಿಲ್ಲ. ಬುಧವಾರ ಸಿಸ್ಟರ್, ಹುಟ್ಟಿದ ದಿನ ಮರೆತರೂ ಇದನ್ನು ಮರೆಯುವುದಿಲ್ಲ ಎಂದು ಟೀಚರ್ ಪ್ರತಿ ಸಲವೂ ಹೇಳುವರು. ಹೆಂಡತಿಗೆ ಇನ್ನೂ ಹೇಳಿರದ ಯಜಮಾನರು ನೆಲ ನೋಡುವರು. ಹದಿನಾಲ್ಕು ವರ್ಷ ಸಿಸ್ಟರ್ ಒಮ್ಮೆಯೂ ಅವರತ್ತ ಅರ್ಥವಿಟ್ಟು ನೋಡಲಿಲ್ಲ. ಒಬ್ಬ ಮನುಷ್ಯನ ಮೇಲೆ ಇಷ್ಟು ಕಾಲ ನಂಬಿಕೆ ಇಟ್ಟು ಕಾಯುವ ತಾಳ್ಮೆಯನ್ನು ಭಗವಂತನು ಎಲ್ಲರಿಗೂ ಕೊಡುವುದಿಲ್ಲ.

ಕಳೆದ ವರ್ಷ ಟೀಚರ್ ಅವರ ಹೃದಯ ಸೋತಿತು. ಕೊನೆಯ ವಾರದಲ್ಲಿ ಯಜಮಾನರು ಹಾಸಿಗೆಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿಕೊಂಡರು.

"ಆ ಗಾಜಿನ ಡಬ್ಬಿಗಳು ಮನೇಲಿ ಮತ್ತೆ ಕಾಣಿಸಲೇ ಇಲ್ಲ. ನನಗೆ ಅಷ್ಟೂ ತಿಳಿಯಲ್ವೇನ್ರೀ?" ಎಂದರು ಟೀಚರ್. "ಬುಧವಾರ ಬಂದ್ರೆ ನೀರಿನ ಲೋಟ ಹಿಡ್ಕೊಂಡು, ನಾನು ನುಂಗೋವರೆಗೂ ನಿಂತಿರ್ತಿದ್ರಲ್ಲ. ನೀವು ಹೇಳ್ತಿದ್ದಿದ್ದು ಅದೇ ಅಂದ್ಕೊಂಡಿದ್ದೆ."

ಅವರು ದೇವರ ಪಾದ ಸೇರಿದ ಬಳಿಕ ಒಂದು ಬುಧವಾರ, ಉಳಿದ ಮಾತ್ರೆಗಳನ್ನು ಹಿಂದಿರುಗಿಸಲು ಯಜಮಾನರು ಆಸ್ಪತ್ರೆಗೆ ಹೋದರು. ಹೇಳಿದೆ ಸಿಸ್ಟರ್ ಎಂದರು. ಯಜಮಾನರ ಕೈಯನ್ನು ಹಿಡಿದುಕೊಂಡು ಸಿಸ್ಟರ್ ಕುಳಿತರು. ಅಭ್ಯಾಸಬಲದಿಂದ ಅವರ ಹೆಬ್ಬೆರಳು ಆ ಮುದಿ ಬೆರಳುಗಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿತ್ತು. ಆಮೇಲೆ ಸಿಸ್ಟರ್ ಎಂದರು:

"ಹೊರಗೆ ಹೊಸಬರೊಬ್ಬರು ಕೂತಿದ್ದಾರೆ. ಅವರ ಯಜಮಾನರು ತುಂಬಾ ಅಚ್ಚುಕಟ್ಟಂತೆ. ನೀವೇ ಹೋಗಿ ಹೇಳಿ."

ಯಜಮಾನರು ಹೋಗಿ ಆ ಬೆಂಚಿನ ಮೇಲೆ ಕುಳಿತು, ಪರಿಚಯವಿಲ್ಲದ ಮನುಷ್ಯನಿಗೆ ತಮ್ಮ ಎರಡು ಡಬ್ಬಿಗಳ ಕಥೆಯನ್ನು ಮೊದಲಿನಿಂದ ಹೇಳಿದರು. ಅಂದಿನಿಂದ ಪ್ರತಿ ಬುಧವಾರವೂ ಹೇಳುತ್ತಿದ್ದಾರೆ.

ಈ ತಿಂಗಳು ಸಿಸ್ಟರ್ ನಿವೃತ್ತರಾಗುತ್ತಿದ್ದಾರೆ. ಹೊಸ ದಾದಿಯರಿಗೆ ಕಲಿಸಲು ವಾರಕ್ಕೊಂದು ಬೆಳಿಗ್ಗೆ ಬರಲು ಒಪ್ಪಿದ್ದಾರೆಂದು ಕೇಳಿ ಸಂತೋಷವಾಗಿದೆ. ಬೇರೆಯವರ ಬೆರಳುಗಳಿಗಾಗಿ ಸವೆದ ಆ ಕೈಗಳಿಗೆ ಭಗವಂತನು ನೋವನ್ನು ಕೊಡದಿರಲಿ. ನೂರು ವರ್ಷದ ಆಯುಸ್ಸನ್ನು ಕೊಡಲಿ. ವಾರಕ್ಕೊಂದು ಬೆಳಿಗ್ಗೆಯಾದರೆ ನಿಮ್ಮ ದಿನ ಯಾವುದು ಎಂದು ಮೊನ್ನೆ ಯಜಮಾನರು ಅವರನ್ನು ಕೇಳಿದರು. ಹದಿನೈದು ವರ್ಷಗಳಲ್ಲಿ ಆ ಪ್ರಶ್ನೆಗೆ ಸಿಸ್ಟರ್ ತಾವೇ ಉತ್ತರ ಕೊಟ್ಟದ್ದು ಅದೇ ಮೊದಲು: "ಬುಧವಾರ."