ಕಬ್ಬಿನ ಗದ್ದೆಯಲ್ಲಿ ಕೇಳಿದ ನನ್ನ ದನಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುಗರು ಹುಡುಕಿ ಹಿಡಿಯುವ ಕಷ್ಟ ಬೇಡ. ಆ ದಿನ ಕಬ್ಬಿನ ಗದ್ದೆಯೊಳಗೆ ಕೆಂಪರಾಜುವನ್ನು ದಾರಿ ತಪ್ಪಿಸಲು ನೋಡಿದವನು ನಾನೇ. ಯಾರ ಚಿತಾವಣೆಯೂ ಇರಲಿಲ್ಲ. ಹೊಟ್ಟೆಕಿಚ್ಚು ಇದ್ದ ಮೇಲೆ ಚಿತಾವಣೆಗೆ ಬೇರೆ ಜನ ಏಕೆ ಬೇಕು? ಇನ್ನೊಂದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಗಾಳಿ, ಪೀಡೆ, ಯಾರೂ ಇಲ್ಲದ ಕಡೆಯಿಂದ ಯಾರೋ ಕರೆದದ್ದು, ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಂಬದೆ ಸುಮ್ಮನಿರುವ ಪೈಕಿಯೂ ಅಲ್ಲ. ನಂಬುವವರ ದನಿಯಲ್ಲೇ ಅವರ ಕತೆಯನ್ನು ಅವರಿಗೇ ಹೇಳಿ ಸುತ್ತಲಿನವರನ್ನು ನಗಿಸುತ್ತಿದ್ದೆ.

ಮಂಡ್ಯದ ನಮ್ಮ ಬೀದಿಯಲ್ಲಿ ಮೇಷ್ಟ್ರ ಮಗ ಎಂದರೆ ನಾನು, ಮೇಷ್ಟ್ರ ಮಗ ಎಂದರೆ ಅಣಕು. ಅಪ್ಪ ಪಾಠ ಹೇಳುವ ಧಾಟಿ, ಮಳವಳ್ಳಿ ಬಸ್ಸಿನ ಕಂಡಕ್ಟರು ಊರುಗಳ ಹೆಸರನ್ನು ಅರ್ಧ ನುಂಗಿ ಅರ್ಧ ಉಗುಳುವ ರೀತಿ, ಗುಡಿಯ ಅರ್ಚಕರು ಮಂತ್ರದ ನಡುವೆ ಹೆಂಡತಿಯನ್ನು ಗದರಿಕೊಳ್ಳುವ ರೀತಿ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಸ್ವಂತ ದನಿಯನ್ನು ಮಾತ್ರ ನಾನು ಹೊರಗಿನಿಂದ ಕೇಳಿದ್ದು ಒಂದೇ ಸಲ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಯಾರೋ ಪೆಟ್ಟಿಗೆಯಂಥ ಟೇಪ್ ರೆಕಾರ್ಡರ್ ತಂದಿದ್ದರು. ಎಲ್ಲರ ದನಿಯನ್ನೂ ಮಾಡಿ ಮುಗಿಸಿ ಕೊನೆಯಲ್ಲಿ, ‘ಸಾಕಾ ಸಾರ್?’ ಎಂದು ಕೇಳಿದ್ದೆ. ತಿರುಗಿಸಿ ಹಾಕಿದಾಗ ಆ ಕೊನೆಯ ಮಾತು ಕಟ್ಟಿಹಾಕಿದ ಮೇಕೆಮರಿಯ ಹಾಗೆ ತೆಳ್ಳಗೆ ಬಂತು. ಇದು ಯಾರದ್ದು ಎಂದು ನಾನೇ ಕೇಳಿದೆ. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆವತ್ತಿನಿಂದ ನಾನು ನನ್ನ ದನಿಯನ್ನು ಆದಷ್ಟು ಕಡಿಮೆ ಬಳಸಿ, ಊರವರದ್ದನ್ನೇ ಹೆಚ್ಚಾಗಿ ಬಳಸತೊಡಗಿದೆ.

ಇನ್ನು ನಮ್ಮ ಸಂಘದ ವಿಷಯ. ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಕೈಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು, ರಸ್ತೆ ಬಿಟ್ಟು, ಗುರುತು ಹಾಕಿದ ಜಾಗಗಳನ್ನು ಹುಡುಕಿಕೊಂಡು ಓಡುವ ಆಟವೊಂದು ಸೈನಿಕರಲ್ಲಿದೆಯಂತೆ. ಅದರ ಹೆಸರು ಓರಿಯಂಟೀರಿಂಗ್. ಈ ಹೆಸರು ಮಂಡ್ಯದ ಯಾವ ಬಾಯಿಗೂ ಹಿಡಿಸಲಿಲ್ಲವಾದ್ದರಿಂದ ನಾವು ದಿಕ್ಕು ಓಟ ಎನ್ನುತ್ತಿದ್ದೆವು. ಬಾಬು ಸಾಬರ ಸೈಕಲ್ ಷಾಪಿನ ಹಿಂದಿನ ಕೋಣೆಯೇ ಸಂಘದ ಕಚೇರಿ. ಸದಸ್ಯರು ಐದೇ ಜನ. ಹೆಚ್ಚಾಗದಿರಲು ಕಾರಣವಿತ್ತು. ಭೂಸುಧಾರಣೆಯ ಗಲಾಟೆ ಕಾವೇರಿದ್ದ ಕಾಲ ಅದು. ನಕ್ಷೆ ಹಿಡಿದು ಗದ್ದೆಯ ಬದುವಿನ ಮೇಲೆ ಓಡುವವರನ್ನು ಕಂಡರೆ ಯಜಮಾನರು ಜಮೀನು ಅಳೆಯಲು ಬಂದವರೆಂದು ದೊಣ್ಣೆ ತೆಗೆದುಕೊಳ್ಳುತ್ತಿದ್ದರು, ಗೇಣಿದಾರರು ಕೂರಿಸಿ ಮಜ್ಜಿಗೆ ಕೊಡುತ್ತಿದ್ದರು. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂನಲ್ಲಿ ಒಮ್ಮೆ ಪ್ರಯೋಗದ ಬತ್ತದ ನಡುವೆ ಸಿಕ್ಕಿಬಿದ್ದು, ಕಾವಲುಗಾರನ ಮುಂದೆ ಕಿವಿ ಹಿಡಿದು ನಿಂತಿದ್ದೆವು. ಇಂಥ ಸಂಘಕ್ಕೆ ಯಾರು ಮಗನನ್ನು ಕಳಿಸುತ್ತಾರೆ?

ಕಡೆಗೆ ಸುಬೇದಾರರು ಒಂದು ಉಪಾಯ ಮಾಡಿದರು. ಮಳವಳ್ಳಿಯ ಹುಡುಗರು ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಕಿರುಗಾವಲಿನ ಕಡೆಯಿಂದ ಮಳವಳ್ಳಿಯ ಮೈದಾನದವರೆಗೆ ಊರವರಿಗೆಲ್ಲ ಒಂದು ಓಟ ಇಡುತ್ತಿದ್ದರು. ಶಾಲೆಯ ಮಕ್ಕಳು, ಅಂಗಡಿಯವರು, ವಯಸ್ಸಾದ ಪೈಲ್ವಾನರು, ಯಾರು ಬೇಕಾದರೂ ಓಡಬಹುದು. ನಾವು ಐವರೂ ಅವರ ಜೊತೆಯಲ್ಲೇ ಹೊರಟು, ಅರ್ಧದಲ್ಲಿ ರಸ್ತೆ ಬಿಟ್ಟು ಗದ್ದೆಗೆ ಇಳಿದು, ಕೆಂಪು ಬಟ್ಟೆ ಕಟ್ಟಿದ ಮೂರು ಗುರುತುಗಳನ್ನು ಮುಟ್ಟಿ ಅದೇ ಮೈದಾನಕ್ಕೆ ಬರಬೇಕು. ಜನ ನೋಡಿ ಬೆರಗಾಗುತ್ತಾರೆ, ಹೊಸಬರು ಸೇರುತ್ತಾರೆ. ಹಾಗಾಗದಿದ್ದರೆ ದಿಕ್ಸೂಚಿಗಳನ್ನೆಲ್ಲ ಟ್ರಂಕಿಗೆ ಹಾಕಿ ಮದ್ದೂರಿನ ಮಗಳ ಮನೆಗೆ ಹೋಗಿ ಕೂರುತ್ತೇನೆ ಎಂದುಬಿಟ್ಟರು. ನಮ್ಮೈವರಲ್ಲಿ ಮೊದಲು ಬಂದವನು ಸಂಘದ ನಾಯಕ, ಹೊಸಬರಿಗೆ ಕಲಿಸುವವನೂ ಅವನೇ.

ನನಗೆ ಆ ನಾಯಕನ ಪಟ್ಟ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಹೊಸಬರ ಮುಂದೆ ಮಾಡಬೇಕಾದ ಭಾಷಣವನ್ನು ಸುಬೇದಾರರ ದನಿಯಲ್ಲಿ ಆಗಲೇ ಅಭ್ಯಾಸ ಮಾಡಿಟ್ಟುಕೊಂಡಿದ್ದೆ. ಅಡ್ಡ ಇದ್ದವನು ಕೆಂಪರಾಜು.

ಕೆಂಪರಾಜು ಬೆಸಗರಹಳ್ಳಿಯವನು. ಬಸ್ಸಿನಲ್ಲಿ ಮದ್ದೂರಿಗೆ, ಮದ್ದೂರಿನಿಂದ ಮಂಡ್ಯಕ್ಕೆ ಬಂದು ಓದುತ್ತಿದ್ದ. ನಕ್ಷೆಯನ್ನು ಒಮ್ಮೆ ನೋಡಿದರೆ ಸಾಕು, ಅಜ್ಜಿ ಮನೆಗೆ ಹೊರಟವನ ಹಾಗೆ ಹೊರಟುಬಿಡುತ್ತಿದ್ದ. ಸುಬೇದಾರರು ಅವನನ್ನು ಒಂದು ದಿನವೂ ಬೈಯಲಿಲ್ಲ. ಬಾಬು ಸಾಬರು ತಮ್ಮ ಚಹಾದಲ್ಲಿ ಅರ್ಧ ಅವನಿಗೆ ಬಗ್ಗಿಸುತ್ತಿದ್ದರು. ಅಷ್ಟೇಕೆ, ನಮ್ಮಮ್ಮನೇ ಅವನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿ, ಎಷ್ಟು ಸಮಾಧಾನದ ಹುಡುಗ, ನೀನೂ ಇದ್ದೀಯಲ್ಲ ಎಂದು ನನ್ನ ಕಡೆ ನೋಡುತ್ತಿದ್ದಳು. ಎಲ್ಲಕ್ಕಿಂತ ಉರಿಯುವ ಸಂಗತಿಯೆಂದರೆ, ಊರಿನಲ್ಲಿ ನಾನು ಅಣಕಿಸಲಾಗದ ಒಬ್ಬನೇ ಒಬ್ಬ ಅವನು. ಅವನು ಮಾತೇ ಆಡುತ್ತಿರಲಿಲ್ಲ. ಒಮ್ಮೆ ಎಲ್ಲರೆದುರು ಕೆಂಪರಾಜುವಿನ ಹಾಗೆ ಸುಮ್ಮನೆ ನಿಂತೆ. ಪಾಪ, ಹುಡುಗನಿಗೆ ಮಾತು ಮರೆತುಹೋಯಿತು ಎಂದುಕೊಂಡರು ಜನ.

ಓಟದ ದಿನ ಬಿಸಿಲು ಚುರುಕಾಗಿತ್ತು. ಮೊದಲ ಗುರುತು ಒಂದು ಆಲೆಮನೆಯ ಹಿಂದೆ, ಎರಡನೆಯದು ನಾಲೆಯ ಸೇತುವೆಯ ಹತ್ತಿರ. ಸೇತುವೆಯ ಮೇಲೆ ಬಾಬು ಸಾಬರು ಗುರುತಿನ ಕಾವಲಿಗೆಂದು ಕೊಡೆ ಬಿಚ್ಚಿಕೊಂಡು ಕೂತಿದ್ದರು. ಅಲ್ಲಿಗೆ ತಲುಪುವಾಗ ಉಳಿದ ಮೂವರು ಹಿಂದೆ ಬಿದ್ದಿದ್ದರು. ಕೆಂಪರಾಜು ನನಗಿಂತ ಸ್ವಲ್ಪ ಮುಂದೆ. ಅವನು ಗುರುತು ಮುಟ್ಟಿ, ಬೆವರನ್ನೂ ಒರೆಸದೆ, ಎದುರಿನ ಕಬ್ಬಿನೊಳಗೆ ನುಗ್ಗಿದ. ನಾನು ಏದುಸಿರು ಬಿಡುತ್ತ ಬಂದಾಗ ಬಾಬು ಸಾಬರು, ಅವನ ಹಿಂದೆಯೇ ಓಡಪ್ಪ, ದಾರಿ ಸರಿಯಾಗಿರುತ್ತದೆ ಎಂದರು. ಬೇರೆ ಏನು ಹೇಳಿದ್ದರೂ ಸಹಿಸುತ್ತಿದ್ದೆ.

ಬೆಳೆದು ನಿಂತ ಕಬ್ಬಿನೊಳಗೆ ಹೋದವರಿಗೆ ಗೊತ್ತು, ಎದುರಿಗಿರುವ ಮನುಷ್ಯ ಕಾಣುವುದಿಲ್ಲ, ಸೋಗೆಯ ಸರಸರ ಮಾತ್ರ ಕೇಳುತ್ತದೆ. ಕೆಂಪರಾಜುವಿನ ಸದ್ದು ಬಲಕ್ಕೆ ಹೋಗುತ್ತಿತ್ತು. ನಾನು ಸದ್ದಿಲ್ಲದೆ ಒಂದಷ್ಟು ಎಡಕ್ಕೆ ಸರಿದು, ಎದೆ ತುಂಬ ಉಸಿರು ತೆಗೆದುಕೊಂಡು, ಸುಬೇದಾರರ ಗಡಸು ದನಿಯಲ್ಲಿ ಕೂಗಿದೆ: ‘ಲೇ ಕೆಂಪಾ, ದಾರಿ ತಪ್ಪೋದೆ ಕಣ್ಲಾ, ಎಡಕ್ಕೆ ಬಾರ್ಲಾ!’ ತಪ್ಪು ಹೋದವರನ್ನು ಅವರು ಹಾಗೆ ಕೂಗಿ ತಿರುಗಿಸುವುದು ವಾಡಿಕೆ. ಅಷ್ಟು ಚೆನ್ನಾಗಿ ನಾನು ಇನ್ನೆಂದೂ ಮಾಡಿಲ್ಲ. ಸೋಗೆಯ ಸದ್ದು ನಿಂತಿತು. ಆಮೇಲೆ ಮೆಲ್ಲಗೆ ಎಡಕ್ಕೆ ತಿರುಗಿತು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡು ಬಲಕ್ಕೆ ಓಡಿದೆ.

ಇಲ್ಲಿಂದ ಮುಂದಿನದನ್ನು ಹೇಗಾಯಿತೋ ಹಾಗೆಯೇ ಬರೆಯುತ್ತೇನೆ, ಒಂದು ಮಾತೂ ಸೇರಿಸುವುದಿಲ್ಲ.

ಸ್ವಲ್ಪ ದೂರ ಓಡಿದ್ದೆ. ಗಾಳಿ ಇರಲಿಲ್ಲ, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಆಗ ಹಿಂದಿನಿಂದ, ಎಡಗಡೆಯಿಂದ, ಯಾರೋ ‘ಕೆಂಪಾ’ ಎಂದು ಕೂಗಿದರು. ತೆಳ್ಳನೆಯ ದನಿ. ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿ ನಿಂತೆ. ಎರಡನೆಯ ಸಲ ಕೂಗಿದಾಗ ಗುರುತು ಸಿಕ್ಕಿತು. ಕಟ್ಟಿಹಾಕಿದ ಮೇಕೆಮರಿ. ಟೇಪಿನಲ್ಲಿ ಕೇಳಿದ ನನ್ನದೇ ದನಿ. ಗೊತ್ತಿಲ್ಲದೆ ನಾನೇ ಕೂಗುತ್ತಿದ್ದೇನೋ ಎಂದು ತುಟಿಯ ಮೇಲೆ ಕೈಯಿಟ್ಟುಕೊಂಡು ನೋಡಿದೆ. ಬಾಯಿ ಮುಚ್ಚಿತ್ತು. ಕೈ ಇನ್ನೂ ಬಾಯಿಯ ಮೇಲೇ ಇರುವಾಗ ಮೂರನೆಯ ಸಲ ‘ಕೆಂಪಾ’ ಎಂದಿತು. ಅದರ ಹಿಂದೆ ಇನ್ನೇನೋ ಮಾತು ಬಂತು, ತಿಳಿಯಲಿಲ್ಲ.

ಆಮೇಲೆ ನಾನು ಓಡಿದ್ದಕ್ಕೆ ನಕ್ಷೆಯೂ ಇಲ್ಲ ದಿಕ್ಕೂ ಇಲ್ಲ. ಸೋಗೆ ಮುಖ ಮೈಯೆಲ್ಲ ಕೊಯ್ದಿತ್ತು. ಹೇಗೋ ರಸ್ತೆಗೆ ಬಂದು ಬಿದ್ದೆ. ರಸ್ತೆ ಓಟದವರಲ್ಲಿ ತೀರಾ ಹಿಂದಿದ್ದ ಚಿಕ್ಕ ಮಕ್ಕಳು ಮತ್ತು ರುಮಾಲಿನ ಮುದುಕರೊಬ್ಬರ ಜೊತೆಯಲ್ಲಿ ಮಳವಳ್ಳಿಯ ಮೈದಾನ ಸೇರಿದೆ. ಸೇರಿದಾಗ ಚಪ್ಪಾಳೆ ಬಿತ್ತು. ಅದು ಮುದುಕರಿಗೆ.

ಕೆಂಪರಾಜು ಆಗಲೇ ಬಂದಿದ್ದ. ನಮ್ಮೈವರಲ್ಲಿ ಅವನೇ ಮೊದಲು. ಸುಬೇದಾರರು ಅವನ ಕೈಗೆ ಮೈಕು ಕೊಟ್ಟು, ಸಂಘದ ಬಗ್ಗೆ ಜನಕ್ಕೆ ನಾಲ್ಕು ಮಾತು ಹೇಳು ಎಂದು ಒತ್ತಾಯ ಮಾಡುತ್ತಿದ್ದರು. ಮಾತು ಬಾರದವನಿಗೆ ಮೈಕು, ಎಲ್ಲ ದನಿಯೂ ಇರುವ ನನಗೆ ಮಕ್ಕಳ ಸಾಲು. ಅಷ್ಟು ಹೆದರಿಕೆಯಲ್ಲೂ ಹೊಟ್ಟೆ ಮತ್ತೆ ಉರಿಯಿತು. ಅವನು ಜನರ ನಡುವೆ ನನ್ನನ್ನು ಹುಡುಕಿ ಕಂಡು, ಬೆರಳು ತೋರಿಸಿ ಹೇಳಿದ: ‘ನಂಗೆ ಮಾತು ಬರಕಿಲ್ಲ. ಕಬ್ಬಿನೊಳ್ಗೆ ಒಂದು ಆಳುಬಾವಿ ಅದೆ, ಕಟ್ಟೆ ಇಲ್ಲ. ಇನ್ನೊಂದೆಜ್ಜೆ ಇಟ್ಟಿದ್ರೆ ಬಿದ್ದೋಯ್ತಿದ್ದೆ. ಅಗೋ, ಅವ್ನು ಕೂಗಿ ನಿಲ್ಲಿಸ್ದ. ತಾನು ಗೆಲ್ಲೋದ ಬುಟ್ಟು ಕೂಗ್ದ. ನಮ್ ಸಂಗದಲ್ಲಿ ಇಂತೋರವ್ರೆ.’

ಅಂಥ ಭಾಷಣವನ್ನು ನಾನು ಯಾರ ದನಿಯಲ್ಲೂ ಮಾಡಲಾರೆ. ಮಳವಳ್ಳಿಯ ಹುಡುಗರು ಬಂದು ಸುತ್ತಿಕೊಂಡರು. ಸೇರುವುದು ಹೇಗೆ, ಎಲ್ಲಿಗೆ ಬರಬೇಕು ಎಂದು ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಸುಬೇದಾರರು ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಮೊದಲು ಬಂದವನು ಯಾರಾದರಾಗಲಿ, ನಾಯಕ ನೀನೇ ಎಂದುಬಿಟ್ಟರು. ಕೆಂಪರಾಜು ತಲೆಯಾಡಿಸಿ ಒಪ್ಪಿದ. ಬೇಕು ಬೇಕೆಂದು ಹಂಬಲಿಸಿದ್ದು ಕೈಗೆ ಬಂತು, ಆದರೆ ನಾನು ಮಾಡಿದ್ದಕ್ಕಾಗಿ ಬಂದದ್ದಲ್ಲ. ಆ ಬಾವಿ ಇರುವ ವಿಷಯವೇ ನನಗೆ ಗೊತ್ತಿರಲಿಲ್ಲ. ಸುಬೇದಾರರ ಹಳೆಯ ನಕ್ಷೆಯಲ್ಲೂ ಅದು ಇರಲಿಲ್ಲ.

ಒಂದಷ್ಟು ದಿನ ಆ ಸಂಘದಲ್ಲಿ ನಾನು ನಾಯಕನಾಗಿ ಮೆರೆದೆ ಎಂದು ಬರೆಯಬಹುದಿತ್ತು. ನಿಜವೆಂದರೆ, ಹೊಸ ಹುಡುಗರು ಅಣ್ಣಾ ಎಂದು ಬಂದಾಗಲೆಲ್ಲ ನನಗೆ ಇನ್ನೊಬ್ಬನ ಅಂಗಿ ಹಾಕಿಕೊಂಡು ಮದುವೆಗೆ ಹೋದ ಹಾಗೆ ಆಗುತ್ತಿತ್ತು. ಮೊದಲು ಕೆಂಪರಾಜುವಿನ ಮೇಲೆ ಹೊಟ್ಟೆಕಿಚ್ಚು ಇತ್ತಲ್ಲ, ಈಗ ಅದು ಜಾಗ ಬದಲಿಸಿ ಆ ಕಬ್ಬಿನೊಳಗಿನ ದನಿಯ ಮೇಲೆ ಹೋಗಿ ಕೂತಿತ್ತು. ನನ್ನ ದನಿಯಲ್ಲಿ ನಾನು ಇಷ್ಟು ವರ್ಷ ಮಾಡದ ಒಳ್ಳೆಯ ಕೆಲಸವನ್ನು ಅದು ಮೂರು ಕೂಗಿನಲ್ಲಿ ಮಾಡಿ ಹೋಗಿತ್ತು.

ಕಬ್ಬು ಕಡಿದ ಮೇಲೆ ಬಾಬು ಸಾಬರನ್ನು ಕರೆದುಕೊಂಡು ಆ ಜಾಗಕ್ಕೆ ಹೋದೆ. ಅವರನ್ನು ಬಾವಿಯ ಹತ್ತಿರ ನಿಲ್ಲಿಸಿ, ಆವತ್ತು ನಾನು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ಅಂದಾಜಿನ ಜಾಗದಿಂದ ಗಂಟಲು ಹರಿಯುವ ಹಾಗೆ ನನ್ನ ದನಿಯಲ್ಲಿ ಕೂಗಿದೆ. ಬಯಲಾಗಿದ್ದ ಗದ್ದೆ, ಅಡ್ಡ ಒಂದು ಕಡ್ಡಿಯೂ ಇಲ್ಲ. ಅವರು ಬಂದು, ಏನೋ ಗಿಣಿ ಕೂಗಿದ ಹಾಗಾಯಿತು, ಮಾತೇನೂ ತಿಳಿಯಲಿಲ್ಲವಪ್ಪ ಎಂದರು. ನನಗೆ ಅರಿವಿಲ್ಲದೆ ನಾನೇ ಕೂಗಿದ್ದೆ ಎಂದುಕೊಳ್ಳೋಣವೆಂದರೆ, ಬಾಯಿ ಮುಚ್ಚಿದ್ದು ಕೈಗೆ ಗೊತ್ತು. ಯಾರೋ ನನ್ನನ್ನು ಅಣಕಿಸಿದರು ಎನ್ನೋಣವೆಂದರೆ, ಆ ಗದ್ದೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿದ್ದರು? ಈಗಲೂ ಒಬ್ಬನೇ ಕೂತಾಗ ಲೆಕ್ಕ ಹಾಕುತ್ತೇನೆ, ತಾಳೆ ಬೀಳುವುದಿಲ್ಲ.

ಕಡೆಗೊಂದು ಸಂಜೆ ಸೈಕಲ್ ಷಾಪಿನ ಮುಂದೆ ಕೆಂಪರಾಜುವಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸುಬೇದಾರರ ದನಿಯಲ್ಲಿ ಕರೆದವನು ನಾನು, ನಿಲ್ಲಿಸಿದವನು ನಾನಲ್ಲ ಎಂದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಬಸ್ಸು ಬರುವ ದಾರಿಯ ಕಡೆ ನೋಡಿದ. ಆಮೇಲೆ, ಸುಬೇದಾರರ ಕೂಗು ಕೇಳಿ ತಿರುಗಿ ನಾಲ್ಕು ಹೆಜ್ಜೆ ಇಟ್ಟದ್ದು ಹೌದು, ಆದರೆ ಆಮೇಲೆ ನಿಂತೆ ಎಂದ. ತೋಟ ಗದ್ದೆಯಲ್ಲಿ ಕಾಣದವರು ಒಂದೇ ಸಲ ಕರೆದರೆ ಹೋಗಬಾರದು, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ ಎಂದು ಅವನ ಅವ್ವ ಹೇಳಿಕೊಟ್ಟಿದ್ದಳಂತೆ. ಅದಕ್ಕೇ ಎರಡನೆಯ ಕೂಗಿಗೆ ಕಾಯುತ್ತಿದ್ದ. ಪೇಟೆಯವನಾದ ನನಗೆ ಇದು ಎಲ್ಲಿ ಗೊತ್ತು? ಒಂದೇ ಸಲ ಕರೆದು ನಗುತ್ತ ಓಡಿದ್ದೆ. ಆಗ ಎದುರಿನಿಂದ ನನ್ನ ದನಿ ಬಂತು, ಮೂರು ಸಲ ಹೆಸರು ಹಿಡಿದು ಕರೆದು, ನಿಲ್ಲು, ಮುಂದೆ ಬಾವಿ ಎಂದಿತಂತೆ. ಸೋಗೆ ಸರಿಸಿ ನೋಡಿದರೆ ಕಾಲ ಬುಡದಲ್ಲೇ ನೀರು.

ಹಾಗಾದರೆ ಅದು ಯಾರೋ ಕೆಂಪಾ, ನನ್ನ ದನಿ ಅದಕ್ಕೆ ಹೇಗೆ ಸಿಕ್ಕಿತು ಎಂದು ನಾನು ಕೇಳಿದೆ. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಅವನು ತಿರುಗಿ ಹೇಳಿದ:

‘ಊರೋರ್ ದನಿಯೆಲ್ಲಾ ನೀನು ಎತ್ಕಂಡು ತಿರುಗ್ತಿದ್ದೆ. ನಿಂದು ಸುಮ್ನೆ ಬಿದ್ದಿತ್ತು. ಯಾರ್ಗೋ ಬೇಕಾಯ್ತು, ಎತ್ಕಂಡ್ರು. ನಿನಗಿಂತ ಚೆನ್ನಾಗೇ ಬಳಸವ್ರೆ ಬುಡ್ಲಾ.’