ಎಂಟು ಗಂಟೆ ಮುಂದಿರುವ ಗೆಳತಿ

ಬೆಳಗಿನ ಐದು ಮುಕ್ಕಾಲು. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಕೆಳಗೆ ಅಂಗಳ ಗುಡಿಸುತ್ತಿರುವ ಹೆಂಗಸು ತಲೆಯೆತ್ತಿ ನೋಡುತ್ತಾರೆ. "ಮೇಡಂ ಆಗಲೇ ಬಂದ್ರು. ನಾನೇ ಇವತ್ತು ತಡ," ಎಂದು ತಮಗೆ ತಾವೇ ಹೇಳಿಕೊಂಡು ಕೈ ಚುರುಕು ಮಾಡುತ್ತಾರೆ.

ಮೇಲೆ, ಕಾರಿಡಾರಿನ ಕೊನೆಯಲ್ಲಿ, ಜೆರಾಕ್ಸ್ ಯಂತ್ರದ ಕೋಣೆಗೆ ಅಂಟಿಕೊಂಡ ಪುಟ್ಟ ಕಚೇರಿ. ಐವತ್ತೆರಡು ವರ್ಷದ ಅಧಿಕಾರಿ ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು, ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಾರೆ. ಕಿವಿಯಲ್ಲಿ ಫೋನು. ಮುಂದೆ ವಿದ್ಯಾರ್ಥಿಯೊಬ್ಬನ ಕಡತ ಬಿಚ್ಚಿಕೊಂಡಿದೆ. "ಪಾಸ್‌ಪೋರ್ಟಲ್ಲಿ ಹೆಸರು ಎರಡು ತುಂಡು ಇದೆ, ನಿಮ್ಮ ಪ್ರವೇಶ ಪತ್ರದಲ್ಲಿ ಒಂದೇ ತುಂಡು. ಹೀಗೇ ಕಳಿಸಿದ್ರೆ ವಿಮಾನ ನಿಲ್ದಾಣದಲ್ಲಿ ಹುಡುಗನ್ನೇ ಎರಡು ತುಂಡು ಮಾಡ್ತಾರೆ," ಎನ್ನುತ್ತಾರೆ. ಆ ಕಡೆಯಿಂದ ಹೆಂಗಸೊಬ್ಬರ ನಗು ಕೇಳಿಸುತ್ತದೆ. ನಾಲ್ಕು ನಿಮಿಷದಲ್ಲಿ ತಿದ್ದಿದ ಪತ್ರ ಬರುತ್ತದೆ. ಇವರು ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ ಕಡತ ಮುಚ್ಚುತ್ತಾರೆ. ಹಾಸ್ಟೆಲಿನಲ್ಲಿ ಮುಸುಕೆಳೆದು ಮಲಗಿರುವ ಆ ವಿದ್ಯಾರ್ಥಿಗೆ ಇದ್ಯಾವುದೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಬಾಗಿಲ ಮೇಲಿನ ಫಲಕದಲ್ಲಿ ಇವರ ಹುದ್ದೆ ಎರಡು ಸಾಲು ಹಿಡಿದಿದೆ: ಅಂತರರಾಷ್ಟ್ರೀಯ ಸಹಭಾಗಿತ್ವ ಮತ್ತು ವಿದ್ಯಾರ್ಥಿ ವಿನಿಮಯ ಅಧಿಕಾರಿ. ವಿದ್ಯಾರ್ಥಿಗಳ ಬಾಯಲ್ಲಿ ಅದು ಸವೆದು 'ಮೊಬೈಲ್ ಮೇಡಂ' ಆಗಿದೆ. ಫೋನು ಕೈ ಬಿಟ್ಟು ಇಳಿಯುವುದೇ ಇಲ್ಲವಲ್ಲ! ಇಲ್ಲಿನ ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಓದಲು ಹೊರದೇಶಗಳಿಗೆ ಕಳಿಸುವುದು, ಅಲ್ಲಿಯವರನ್ನು ಇಲ್ಲಿ ಬರಮಾಡಿಕೊಳ್ಳುವುದು, ಅದಕ್ಕೆ ಬೇಕಾದ ಒಡಂಬಡಿಕೆಗಳನ್ನು ಬರೆದು, ಸಹಿ ಹಾಕಿಸಿ, ಅವು ಸಾಯದಂತೆ ನೋಡಿಕೊಳ್ಳುವುದು ಇವರ ಕೆಲಸ. ಹದಿನಾಲ್ಕು ವರ್ಷಗಳಲ್ಲಿ ಇನ್ನೂರ ಹದಿನೆಂಟು ಮಂದಿ ಹೋಗಿದ್ದಾರೆ, ತೊಂಬತ್ತೊಂದು ಮಂದಿ ಬಂದಿದ್ದಾರೆ. ಒಬ್ಬೊಬ್ಬರಿಗೆ ಹದಿನೇಳು ಬಗೆಯ ಕಾಗದ, ಒಂಬತ್ತು ಸಹಿ. "ಮೂವತ್ತೆಂಟು ಒಡಂಬಡಿಕೆ ಇವೆ ಅಂತ ವಾರ್ಷಿಕ ವರದಿ ಹೇಳುತ್ತೆ. ಉಸಿರಾಡ್ತಿರೋದು ಹನ್ನೊಂದು. ಉಳಿದವು ಫೋಟೋ ತೆಗೆಸ್ಕೊಂಡು ಮಲಗಿದಾವೆ," ಎಂದು, ತಮ್ಮ ಬಗ್ಗೆ ಬರೆಯಲು ಬಂದಿರುವ ನನಗೆ ಕಪಾಟಿನ ಕಡೆ ಕೈ ತೋರಿಸುತ್ತಾರೆ.

ಹನ್ನೊಂದರಲ್ಲಿ ಅತ್ಯಂತ ಗಟ್ಟಿಯಾಗಿ ಉಸಿರಾಡುತ್ತಿರುವ ಒಡಂಬಡಿಕೆ ನಮಗಿಂತ ಹೆಚ್ಚೂಕಡಿಮೆ ಎಂಟು ಗಂಟೆ ಮುಂದಿರುವ ಒಂದು ದೇಶದ್ದು. ಇಲ್ಲಿ ಕಚೇರಿಗಳು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಸಂಜೆಯಾಗಿ ಎಲ್ಲರೂ ಮನೆಗೆ ಹೊರಟಿರುತ್ತಾರೆ. ಆದ್ದರಿಂದಲೇ ಈ ನಸುಕಿನ ಹಾಜರಿ. ಇಲ್ಲಿ ಆರಾದರೆ ಅಲ್ಲಿ ಮಧ್ಯಾಹ್ನ ಎರಡರ ಹತ್ತಿರ. ಅಲ್ಲಿ ಇದೇ ಕೆಲಸ ಮಾಡುವ ಅಧಿಕಾರಿಯೇ ಈಗಷ್ಟೇ ಫೋನಿನಲ್ಲಿ ನಕ್ಕವರು. ಇವರಿಗಿಂತ ಒಂಬತ್ತು ವರ್ಷ ದೊಡ್ಡವರು. ಇವರ ಮನೆಯಲ್ಲಿ ಅವರನ್ನು ಎಲ್ಲರೂ 'ಆ ಕಡೆ ಅಕ್ಕ' ಎಂದೇ ಕರೆಯುತ್ತಾರೆ. ಹದಿನಾಲ್ಕು ವರ್ಷದ ಈ ಒಡನಾಟದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮುಖಾಮುಖಿಯಾಗಿ ಒಮ್ಮೆಯೂ ನೋಡಿಲ್ಲ.

ನಮ್ಮ ಅಧಿಕಾರಿ ಮೊದಲು ಪರೀಕ್ಷಾ ವಿಭಾಗದಲ್ಲಿ ಬೆರಳಚ್ಚು ಮಾಡುತ್ತಿದ್ದವರು. ಆಗಿನ ಕುಲಸಚಿವರು ಹೊಸ ವಿಭಾಗವೊಂದನ್ನು ತೆರೆದು, "ನೀವು ಪತ್ರ ತಪ್ಪಿಲ್ಲದೆ ಬರೀತೀರಿ, ನೀವೇ ನೋಡ್ಕೊಳ್ಳಿ," ಎಂದು ಕೂರಿಸಿದರು. ಒಂದು ಮೇಜು, ಒಂದು ಕಪಾಟು, ಕೇಳಿದರೆ ಹೇಳಿಕೊಡುವವರು ಯಾರೂ ಇಲ್ಲ. ಮೊದಲ ಸಲ ಇಬ್ಬರು ವಿದ್ಯಾರ್ಥಿಗಳ ಅರ್ಜಿ ಕಳಿಸಿದಾಗ ಆ ಕಡೆಯಿಂದ ಹನ್ನೊಂದು ತಪ್ಪುಗಳ ಪಟ್ಟಿ ಬಂತು. ನಮಸ್ಕಾರವೂ ಇಲ್ಲ, ವಂದನೆಯೂ ಇಲ್ಲ, ಬರೀ ತಪ್ಪುಗಳು.

"ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ," ಎನ್ನುತ್ತಾರೆ. "ಮಾರನೇ ದಿನ ಹಠ ಬಂತು. ಎಂಟು ಗಂಟೆ ವ್ಯತ್ಯಾಸ ಅಂತ ಲೆಕ್ಕ ಹಾಕಿ, ಬೆಳಿಗ್ಗೆ ಐದೂವರೆಗೆ ಬಂದು ಫೋನ್ ಮಾಡ್ದೆ. ಒಂದೊಂದೇ ತಪ್ಪು ಓದಿ, ಇದನ್ನ ಹೇಗೆ ಸರಿ ಮಾಡೋದು ಹೇಳಿ ಅಂತ ಕೇಳ್ದೆ. ಅವರು ಅರ್ಜಿಗಳನ್ನ ಮತ್ತೆ ತೆಗೆದ ಸದ್ದು ಕೇಳಿಸ್ತು. ಆಮೇಲೆ ಅಂದ್ರು, 'ಎಲ್ಲರೂ ಅದೇ ತಪ್ಪನ್ನ ಮತ್ತೆ ಕಳಿಸ್ತಾರೆ. ಫೋನ್ ಮಾಡಿ ಕೇಳಿದವರು ನೀವೇ ಮೊದಲು.' ಅವತ್ತು ಒಂದೂವರೆ ಗಂಟೆ ಹೇಳ್ಕೊಟ್ರು."

ಇಬ್ಬರದೂ ಅಲ್ಲದ ಮೂರನೆಯ ಭಾಷೆಯೊಂದರಲ್ಲಿ, ಇಬ್ಬರೂ ಎಡವುತ್ತಾ ಮಾತಾಡುತ್ತಾರೆ. ವೀಸಾ, ವಿಮೆ, ಅಂಕಪಟ್ಟಿಗಳ ಸಂದಿಯಲ್ಲೇ ಒಂದೊಂದು ಮನೆಯ ಸುದ್ದಿ ನುಸುಳಿದೆ. ಅಕ್ಕನ ತಾಯಿ ತೀರಿಕೊಂಡದ್ದು ಇವರಿಗೆ ಗೊತ್ತಾದದ್ದು ಒಂದು ಹಾಸ್ಟೆಲ್ ಅರ್ಜಿ ಎರಡು ದಿನ ತಡವಾಗಿ ಬಂದಾಗ. ಬಸ್ ಡಿಪೋದಲ್ಲಿ ವೇಳೆ ಬರೆದುಕೊಳ್ಳುವ ಕೆಲಸ ಮಾಡುವ ಇವರ ಗಂಡನಿಗೆ ಹೃದಯದ ಶಸ್ತ್ರಚಿಕಿತ್ಸೆ ಆದ ತಿಂಗಳು, ಇಲ್ಲಿನ ಆರು ವಿದ್ಯಾರ್ಥಿಗಳ ಅಷ್ಟೂ ಕಾಗದಗಳನ್ನು ಅಕ್ಕನೇ ಅಲ್ಲಿ ಕೂತು ತುಂಬಿದ್ದರು. "ನನ್ನ ಕೆಲಸಾನೂ ಅವರೇ ಮಾಡಿದ್ರು. ಯಾರಿಗೂ ಹೇಳ್ಲಿಲ್ಲ. ನಾನೂ ಇವತ್ತೇ ಹೇಳ್ತಿರೋದು."

ಇವರ ಅತ್ತೆಗೆ ಎಂಬತ್ತೊಂದು. ನೆರೆಮನೆಯವರಿಗೆ "ನಮ್ಮ ಸೊಸೆ ವಿದೇಶಾಂಗ ಮಂತ್ರಿ, ಆದ್ರೆ ಬಸ್ಸಲ್ಲಿ ಓಡಾಡ್ತಾಳೆ," ಎಂದು ಪರಿಚಯಿಸುತ್ತಾರೆ. ಸೊಸೆ ಬೆಳಿಗ್ಗೆ ಐದಕ್ಕೆ ಬಾಗಿಲು ದಾಟುವಾಗ ಹಾಸಿಗೆಯಿಂದಲೇ ಕೂಗುತ್ತಾರಂತೆ: "ಇವತ್ತಾದ್ರೂ ವಿಮಾನ ಹತ್ತುತ್ತೀಯೇನೇ?"

ಅದು ತಮಾಷೆ, ಆದರೆ ಬರೀ ತಮಾಷೆಯಲ್ಲ. ಆರು ವರ್ಷಗಳ ಹಿಂದೆ ಐವರ ನಿಯೋಗ ಆ ವಿಶ್ವವಿದ್ಯಾಲಯಕ್ಕೆ ಹೊರಟಾಗ ಐವರ ವೀಸಾ, ಟಿಕೆಟ್ಟು, ಭಾಷಣ ಎಲ್ಲ ಸಿದ್ಧ ಮಾಡಿದ್ದು ಇವರು. ಪಟ್ಟಿಯಲ್ಲಿ ಇವರಿರಲಿಲ್ಲ. ಇನ್ನೊಮ್ಮೆ ಅವಕಾಶ ಬಂದಾಗ ಗಂಡ ಆಸ್ಪತ್ರೆಯಲ್ಲಿದ್ದರು. "ಎಲ್ಲ ಸರಿ ಹೋದ್ರೆ ಕುಲಪತಿಗಳ ದೂರದೃಷ್ಟಿ. ಒಂದು ಕಾಗದ ಹೆಚ್ಚು ಕಮ್ಮಿ ಆದ್ರೆ ಮೊಬೈಲ್ ಮೇಡಂ," ಎಂದು ನಗುತ್ತಾರೆ. ದೂರಿನ ದನಿ ಅಲ್ಲ. ಹವಾಮಾನದ ಬಗ್ಗೆ ಹೇಳಿದಷ್ಟು ಸಲೀಸು.

ಈ ವರ್ಷ ಕೊನೆಗೂ ಆದೇಶ ಬಂತು. ಸಿಬ್ಬಂದಿ ವಿನಿಮಯದಡಿ ಹತ್ತು ದಿನ, ಇವರದೇ ಹೆಸರಿನಲ್ಲಿ. ಅಲ್ಲಿ ಚಳಿ ಹೆಚ್ಚೆಂದು ದಪ್ಪ ಕೋಟೊಂದನ್ನು ತಂದರು. ಗಂಡ ಅದನ್ನು ಮನೆಯಲ್ಲೇ ತೊಟ್ಟು ನಡೆದು ತೋರಿಸಿ ಎಲ್ಲರನ್ನೂ ನಗಿಸಿದರು. ಆ ಕಡೆ ಅಕ್ಕ ದಿನಕ್ಕೊಂದು ಮೇಲ್ ಕಳಿಸತೊಡಗಿದರು: ಯಾವ ಬಾಗಿಲಿನಿಂದ ಹೊರಬರಬೇಕು, ತಾನು ಎಲ್ಲಿ ನಿಂತಿರುತ್ತೇನೆ, ಯಾವ ಬಣ್ಣದ ಶಾಲು ಹೊದ್ದಿರುತ್ತೇನೆ.

ಅದೇ ಹೊತ್ತಿಗೆ ಸಂಖ್ಯಾಶಾಸ್ತ್ರ ಓದುವ ಒಬ್ಬ ಹುಡುಗಿ ಆ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾಗಿದ್ದಳು. ಗಾಲಿಕುರ್ಚಿಯಲ್ಲಿ ಓಡಾಡುವವಳು. ಅಲ್ಲಿ ಅವಳಿಗೆ ನೆರವಾಗಬೇಕಿದ್ದ ಸಹಾಯಕಿ ಕೆಲಸಕ್ಕೆ ಸೇರುವುದು ಹತ್ತು ದಿನ ತಡ ಎಂಬ ಸುದ್ದಿ ಬಂತು. ಆ ಹತ್ತು ದಿನ ಜೊತೆಗೆ ಯಾರಾದರೂ ಇರಲೇಬೇಕು. ಹುಡುಗಿಯ ತಾಯಿ ಬಟ್ಟೆ ಹೊಲಿಯುವವರು. ಮಗಳ ಜೊತೆ ಅಷ್ಟು ದೂರ ಹೋಗುವಷ್ಟು ಹಣ ಅವರಲ್ಲಿಲ್ಲ. ವಿಶ್ವವಿದ್ಯಾಲಯದ ನಿಯಮದಲ್ಲಿ ಜೊತೆಗಾರರಿಗೆ ಅವಕಾಶವೇ ಇಲ್ಲ. ಮುಂದಿನ ವರ್ಷ ನೋಡೋಣ ಎಂದರು ಮೇಲಿನವರು. ಮುಂದಿನ ವರ್ಷ ಹುಡುಗಿಯ ಓದೇ ಮುಗಿಯುತ್ತಿತ್ತು.

"ನೀವೇ ಹೋಗ್ತಿದ್ರಲ್ಲ, ನೀವೇ ನೋಡ್ಕೊಬಹುದಿತ್ತಲ್ಲ?" ಎಂದು ಕೇಳಿದೆ.

"ಹುಡುಗಿನೂ ಹಾಗೇ ಅಂದ್ಲು. ಅವಳಮ್ಮ ಅವಳನ್ನ ಎತ್ತಿ ಕೂರಿಸೋದು ನೋಡಿದ್ದೀನಿ. ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು. ಬೀಳಿಸಿಬಿಟ್ರೆ? ಅಲ್ಲಿ ಬೇಕಾಗಿದ್ದಿದ್ದು ಅಮ್ಮ. ಅಧಿಕಾರಿ ಅಲ್ಲ."

ಎರಡು ದಿನ ಊಟ ಸೇರಲಿಲ್ಲವಂತೆ. ಮೂರನೆಯ ದಿನ ಕಪಾಟಿನಿಂದ ಹಳೆಯ ಒಡಂಬಡಿಕೆ ತೆಗೆದರು. ಎಂಟು ವರ್ಷಗಳ ಹಿಂದೆ ಅದನ್ನು ನವೀಕರಿಸುವಾಗ ಅಕ್ಕನೂ ಇವರೂ ಸೇರಿ ಏಳನೆಯ ಕಲಮಿಗೆ ಒಂದು ಸಾಲು ಸೇರಿಸಿದ್ದರು: ಮಂಜೂರಾದ ಸಿಬ್ಬಂದಿ ಪ್ರಯಾಣವನ್ನು ವಿದ್ಯಾರ್ಥಿಯ ಕ್ಷೇಮಕ್ಕೆ ಅಗತ್ಯವಾದ ವ್ಯಕ್ತಿಗೆ ವರ್ಗಾಯಿಸಬಹುದು. ಯಾರೂ ಓದದೆ ಸಹಿ ಹಾಕಿದ ಸಾಲು. ಇವರು ಅದರ ಕೆಳಗೆ ಗೆರೆ ಎಳೆದು, ತಮ್ಮ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಬರೆದು, ಕಡತವನ್ನು ತಾವೇ ಹೊತ್ತು ನಾಲ್ಕು ಮೇಜು ಸುತ್ತಿದರು. ಹಣಕಾಸು ಅಧಿಕಾರಿ ಕನ್ನಡಕ ಏರಿಸಿ, "ಇದರಲ್ಲಿ ಹೋಗದೆ ಉಳಿಯೋರು ನೀವೇ ಅಲ್ವಾ?" ಎಂದರಂತೆ. "ಹೌದು ಸರ್, ಅಲ್ಲೇ ಸಹಿ ಮಾಡಿ," ಎಂದರಂತೆ ಇವರು.

ಕಷ್ಟವಾದದ್ದು ಬೆಳಗಿನ ಆರರ ಫೋನು. "ನಾನು ಬರ್ತಿಲ್ಲ ಅಂದೆ. ಯಾಕೆ ಅಂತ ಹೇಳ್ದೆ. ಅವರು ಕೇಳಿದ್ದು ಒಂದೇ, 'ಗಾಲಿಕುರ್ಚಿ ಅಗಲ ಎಷ್ಟು?' ಲಿಫ್ಟಿನ ಬಾಗಿಲು ಅಳೀಬೇಕಿತ್ತಲ್ಲ." ಇಷ್ಟು ಹೇಳಿ ಅವರು ಕಿಟಕಿಯ ಕಡೆ ತಿರುಗುತ್ತಾರೆ. ನಾನು ಟಿಪ್ಪಣಿ ಪುಸ್ತಕದ ಹಾಳೆ ಮಗುಚುತ್ತೇನೆ.

ತಾಯಿ ಹೋಗಿಬಂದು ಐದು ವಾರವಾಗಿದೆ. ಮಗಳು ಅಲ್ಲೇ ಓದುತ್ತಿದ್ದಾಳೆ, ಮೊದಲ ಪರೀಕ್ಷೆಯಲ್ಲಿ ತರಗತಿಗೆ ಎರಡನೆಯವಳು. ನಾವು ಮಾತಾಡುತ್ತಿರುವಾಗಲೇ ಆ ತಾಯಿ ಮಗಳ ವಿಮೆಯ ಕಾಗದ ಹಿಡಿದು ಒಳಬರುತ್ತಾರೆ. ಅಧಿಕಾರಿಯ ಮುಖ ಅರಳುತ್ತದೆ. "ಕೂತ್ಕೊಳ್ಳಿ, ಇವರಿಗೂ ಹೇಳಿ. ಅಕ್ಕ ಹೇಗಿದ್ದಾರೆ ಹೇಳಿ." ಈ ಕಥೆ ಹತ್ತಾರು ಸಲ ಹೇಳಿಯಾಗಿರುವುದು ತಾಯಿಯ ನಗುವಿನಲ್ಲೇ ತಿಳಿಯುತ್ತದೆ.

"ಕುಳ್ಳಗಿದ್ದಾರೆ. ನನ್ನ ಭುಜಕ್ಕೆ ಬರ್ತಾರೆ," ಎಂದು ತಾಯಿ ಶುರುಮಾಡುತ್ತಾರೆ.

"ನೋಡಿ! ನಾನು ಇಷ್ಟು ವರ್ಷ ಎತ್ತರದ ಹೆಂಗಸು ಅಂದ್ಕೊಂಡಿದ್ದೆ. ಪರದೆಯಲ್ಲಿ ಬರೀ ಮುಖ ತಾನೇ ಕಾಣೋದು."

"ನಡೆಯುವಾಗ ಎರಡೂ ಕೈ ಹಿಂದೆ ಕಟ್ಕೊಳ್ತಾರೆ. ಮೆಟ್ಟಿಲು ಇಳಿಯುವಾಗ ಏನೋ ಗುನುಗ್ತಾರೆ. ಅವರ ಮಾತು ನನಗೆ ಬರಲ್ಲ, ನನ್ನ ಮಾತು ಅವರಿಗೆ ಬರಲ್ಲ. ಅವರ ಜಾಕೆಟ್ಟಿನ ಗುಂಡಿ ಒಂದು ದಾರದಲ್ಲಿ ನೇತಾಡ್ತಿತ್ತು. ನಾನು ಸೂಜಿ ತೆಗೆದು ಅಲ್ಲೇ ಹಾಕ್ಕೊಟ್ಟೆ. ಆಮೇಲೆ ನನ್ನ ಕೈ ಹಿಡ್ಕೊಂಡು ಅವರ ಕೋಣೆಗೆ ಕರ್ಕೊಂಡು ಹೋಗಿ, ಅವರ ಮೇಜಿನ ಪಕ್ಕ ಒಂದು ಹೊಸ ಕುರ್ಚಿ ತೋರಿಸಿದ್ರು. ಮಗಳು ಅರ್ಥ ಹೇಳಿದ್ಲು. ಇದು ಮೇಡಂ ಬರ್ತಾರೆ ಅಂತ ತರಿಸಿದ್ದಂತೆ. ನನ್ನನ್ನ ಕೂರಿಸಿದ್ರು. ನಾನು ತುದೀಲಿ ಕೂತೆ. ನನ್ನದಲ್ಲವಲ್ಲ."

ಅಧಿಕಾರಿ ವಿಮೆಯ ಕಾಗದವನ್ನು ಕಡತದೊಳಗೆ ಇಡುತ್ತಾರೆ. ತಾಯಿ ಮೆಲ್ಲಗೆ ಸೇರಿಸುತ್ತಾರೆ: "ಮೇಡಂ ಕೋಟೂ ನಾನೇ ಹಾಕ್ಕೊಂಡು ಹೋಗಿದ್ದೆ. ತೋಳು ಉದ್ದ ಇತ್ತು, ಮಡಚಿ ಹೊಲ್ಕೊಂಡಿದ್ದೆ. ಬಂದ ಮೇಲೆ ಹೊಲಿಗೆ ಬಿಚ್ಚಿ ಮೊದಲಿನ ಅಳತೆಗೇ ಮಾಡಿಕೊಟ್ಟಿದ್ದೀನಿ. ಹೋಗ್ತಾರಲ್ಲ ಯಾವಾಗಾದ್ರೂ."

ತಾಯಿ ಹೊರಟ ಮೇಲೆ ಕಚೇರಿ ಗದ್ದಲ ತುಂಬಿಕೊಳ್ಳುತ್ತದೆ. ಗುಮಾಸ್ತ ಬಂದು ಜೆರಾಕ್ಸ್ ಯಂತ್ರ ಚಾಲೂ ಮಾಡುತ್ತಾನೆ, ಬಾಗಿಲಲ್ಲಿ ಮೂವರು ವಿದ್ಯಾರ್ಥಿಗಳು ನಿಂತಿದ್ದಾರೆ. ಮುಂದಿನ ತಿಂಗಳ ಕೊನೆಗೆ ಆ ಕಡೆ ಅಕ್ಕ ನಿವೃತ್ತರಾಗುತ್ತಾರೆ. ಕಡಲ ದಂಡೆಯ ಒಂದು ಊರಿನಲ್ಲಿ ತಂಗಿಯ ಜೊತೆ ಇರುತ್ತಾರಂತೆ. ಅವರ ಜಾಗಕ್ಕೆ ಬರುವ ಯುವಕ ಆಗಲೇ ಒಂದು ಮೇಲ್ ಕಳಿಸಿದ್ದಾನೆ. ಚೆನ್ನಾಗಿ ಬರೆದಿದ್ದಾನೆ, ತಪ್ಪಿಲ್ಲ ಎನ್ನುತ್ತಾರೆ ಇವರು. ಇನ್ನೊಮ್ಮೆ ಹೋಗುವ ಆದೇಶ ಬಂದರೂ ಆ ಕೋಣೆಯಲ್ಲಿ ಅಕ್ಕ ಇರುವುದಿಲ್ಲ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಪ್ರಶಸ್ತಿ, ಬಡ್ತಿ, ದೊಡ್ಡ ಕೋಣೆ ಯಾವುದಾದರೂ ಹೇಳಬಹುದೆಂದು ಕಾಯುತ್ತೇನೆ. ಅವರು ಬಾಗಿಲಲ್ಲಿ ನಿಂತ ವಿದ್ಯಾರ್ಥಿಗಳಿಗೆ ಒಂದು ನಿಮಿಷ ಎಂದು ಸನ್ನೆ ಮಾಡಿ, ದನಿ ತಗ್ಗಿಸುತ್ತಾರೆ.

"ಹದಿನಾಲ್ಕು ವರ್ಷದಲ್ಲಿ ಕೆಲಸ ಇಲ್ಲದೆ ನಾವು ಒಂದು ಸಲಾನೂ ಫೋನ್ ಮಾಡಿಲ್ಲ. ಇಬ್ಬರಿಗೂ ಸಂಕೋಚ. ಅವರು ರಿಟೈರ್ ಆದ್ರೆ ಏನು ನೆಪ ಹೇಳಿ ಮಾಡೋದು ಅಂತ ಚಿಂತೆ ಮಾಡ್ತಿದ್ದೆ. ಅತ್ತೆ ಬೈದ್ರು, ನಂಬರ್ ಇದ್ಯಲ್ಲ, ನೆಪ ಯಾಕೇ ಅಂತ. ಅದಕ್ಕೇ ತೀರ್ಮಾನ ಮಾಡಿದ್ದೀನಿ. ರಿಟೈರ್ ಆದ ಮೊದಲನೇ ಭಾನುವಾರ, ಮನೆಯಿಂದ ಮಾಡ್ತೀನಿ. ಯಾರ ಅರ್ಜಿನೂ ಕೈಯಲ್ಲಿ ಇರಬಾರದು. ಊಟ ಆಯ್ತಾ ಅಂತ ಕೇಳ್ಬೇಕು. ಅಷ್ಟೇ."