ನಿಜ್ವಾದಲ್ಲಿ ತಿಂದ ಖರ್ಜೂರ

ಬೆಳಗಾವಿಯಲ್ಲಿ ರೈಲು ಹತ್ತಿ, ಮುಂಬಯಿಯಲ್ಲಿ ಆಗಬೋಟಿನ ಡೆಕ್ಕಿಗೆ ಟಿಕೀಟು ಕೊಂಡು, ಕರಾಚಿಯ ಮೇಲಿಂದ ಮಸ್ಕತ್ತಿಗೆ ಹೊರಟೆವು. ಹೊರಟವರು ಬೈಲಹೊಂಗಲದ ನಾನು ಮತ್ತು ಸವದತ್ತಿಯ ಬಸವಂತ, ನನ್ನ ಹೆಂಡತಿಯ ತಮ್ಮ. ರಾಮದುರ್ಗದ ನೇಕಾರರ ಬಟ್ಟೆಗೆ ಅರಬರಲ್ಲಿ ಗಿರಾಕಿ ಹುಡುಕುವುದು ಅವನ ಕೆಲಸ. ನನಗೆ ಕೆಲಸವೇನೂ ಇರಲಿಲ್ಲ. ಹೆಂಡತಿ ಗೌರವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಸುಮ್ಮನೆ ಕುಳಿತುಬಿಟ್ಟಿದ್ದೆ. ಅವನೇ ಎಬ್ಬಿಸಿ ಕರೆತಂದ.

ನಮ್ಮ ಮನೆತನಗಳಲ್ಲಿ ಸಾವಾದ ಮೇಲೆ, ಬೀಗರು ಬಂದು ಬಾಯಿ ಸಿಹಿ ಮಾಡುವ ತನಕ ಬೆಲ್ಲ ಮುಟ್ಟುವುದಿಲ್ಲ. ಬಸವಂತ ಹೋಳಿಗೆ ಕಟ್ಟಿಕೊಂಡು ಬಂದಾಗಲೆಲ್ಲ ಹಾಗೆಯೇ ತಿರುಗಿ ಕಳಿಸಿದ್ದೆ. ತಿಂದರೆ ಅವಳು ಹೋದ ದುಃಖ ಮುಗಿಯಿತೆಂದು ನಾನೇ ಒಪ್ಪಿದಂತಾಗುತ್ತಿತ್ತು.

ಬೋಟಿನಲ್ಲಿಯೂ ಚಹಾಕ್ಕೆ ಸಕ್ಕರೆ ಬೇಡವೆಂದೆ.

"ಮಾವಾರ, ಸಮುದ್ರದಾಗ ಯಾವ ಬೀಗರು ನೋಡ್ತಾರ್ರಿ?" ಎಂದ ಬಸವಂತ.

"ನೀ ಅದಿಯಲ್ಲ."

"ಹಂಗಾದ್ರ ಬೀಗನ ಮಾತ ಕೇಳ್ರಿ."

ನಾನು ಮಾತು ಬದಲಿಸಿದೆ.

ಬೆಳಗಿನ ಬಿಸಿಲಲ್ಲಿ ಮಸ್ಕತ್ತು ಕಂಡಿತು. ಬಂದರಿನ ಎರಡೂ ಬದಿಗೆ ಕಡಿದಾದ ಬಂಡೆ, ಬಂಡೆಯ ಮೇಲೊಂದೊಂದು ಕೋಟೆ. ಪೇಟೆಯಲ್ಲಿ ಕಚ್ಛಿ ವ್ಯಾಪಾರಿಗಳಿದ್ದುದರಿಂದ ಹಿಂದುಸ್ತಾನಿ ನಡೆಯುತ್ತಿತ್ತು. ಅವರೇ ಒಳನಾಡಿಗೆ ಹೋಗಲು ಒಂಟೆ ಗೊತ್ತುಮಾಡಿ ಕೊಟ್ಟರು. ಒಂಟೆ ಹಿಂಗಾಲಿನಿಂದ ಏಳುತ್ತದೆಂದು ನಮಗೇನು ಗೊತ್ತು? ಬಸವಂತ ಮುಂದಕ್ಕೆ ಮುಗ್ಗರಿಸಿ ಅದರ ಕೊರಳು ತಬ್ಬಿಕೊಂಡ.

"ತಬ್ಬಿಕೊ, ನಿನ್ನ ಹೆಣತಿ ಇಲ್ಲಿಲ್ಲ" ಎಂದೆ. ಬಹಳ ತಿಂಗಳ ಮೇಲೆ ನಾನು ನಕ್ಕದ್ದು ಆಗಲೇ.

ನಮ್ಮ ಕಡೆಯ ನವಿಲುತೀರ್ಥದ ಬಂಡೆ ನೋಡಿ ಬೆಳೆದ ನನಗೆ ಕಲ್ಲು ಹೊಸದಲ್ಲ. ಆದರೆ ಹುಲ್ಲುಕಡ್ಡಿಯೂ ಇಲ್ಲದ ಆ ಬೆಟ್ಟಗಳ ಬುಡದಲ್ಲಿ ಕಲ್ಲಿನ ಕಾಲುವೆಯೊಳಗೆ ತಿಳಿನೀರು ಓಡುತ್ತಿತ್ತು, ಮನೆಗಳನ್ನು ಹಾಯ್ದು ಖರ್ಜೂರದ ತೋಟಗಳಿಗೆ. ಕಾಲು ಇಳಿಬಿಟ್ಟು ಕುಳಿತರೆ ಸಣ್ಣ ಮೀನು ಬಂದು ಬೆರಳು ಕಚ್ಚುತ್ತಿದ್ದವು. ಬಸವಂತ ಎಷ್ಟು ಕರೆದರೂ ನಾನು ಏಳಲಿಲ್ಲ.

ನಿಜ್ವಾ ಎಂಬ ಊರಿನ ದುಂಡನೆಯ ಕೋಟೆ ನೋಡಿಕೊಂಡು ಸೈಫ್ ಎಂಬ ತೋಟಗಾರನ ಮನೆಯಲ್ಲಿ ಇಳಿದೆವು. ಹಿಂದೆ ಕುದುರೆ ಮಾರಲು ಮುಂಬಯಿಗೆ ಬರುತ್ತಿದ್ದನಂತೆ, ಹಿಂದುಸ್ತಾನಿ ಬಲ್ಲವನಾಗಿದ್ದ. ಅತಿಥಿಗೆ ಮೊದಲು ಖರ್ಜೂರ, ಆಮೇಲೆ ಕಾಫಿ. ನಾನು ಕೈ ಚಾಚಲಿಲ್ಲ. ಸೈಫನ ಮುಖ ಸಣ್ಣದಾಯಿತು. "ನನ್ನ ತೋಟದ ಹಣ್ಣು ಸೇರುವುದಿಲ್ಲವೇ?" ಎಂದು ಕೇಳಿದ. ಚಾಪೆಯ ಸುತ್ತ ಕುಳಿತ ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡಿದರು.

ಬಸವಂತ ಒಂದು ಹಣ್ಣು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದ. "ಬೀಗರ ಕೈ ಇದು ಮಾವಾರ. ಅಕ್ಕ ಏನೂ ಅನ್ನೂದಿಲ್ರಿ."

ದಾರಿಯುದ್ದಕ್ಕೂ ಅವನೂ ಸಿಹಿ ತಿಂದದ್ದನ್ನು ನಾನು ಕಂಡಿರಲಿಲ್ಲ ಎಂಬುದು ಆಗ ಹೊಳೆಯಿತು.

"ನೀ ಸಿಹಿ ತಿಂದೀ ಏನೋ?"

"ನಿಮ್ಮದು ಆಗಲಾರದ ನಂದು ಹೆಂಗ ಆಗತೈತ್ರಿ?"

ನಾನು ಬಾಯಿ ತೆರೆದೆ. ಆಮೇಲೆ ನಾನೂ ಒಂದು ಹಣ್ಣನ್ನು ಅವನ ಬಾಯಿಗೆ ಇಟ್ಟೆ.

ಇದು ನಮ್ಮ ದೇಶದಲ್ಲಿ ಖರ್ಜೂರ ತಿನ್ನುವ ರೀತಿಯೆಂದು ಸೈಫ್ ತಿಳಿದ. ಪಕ್ಕದ ಬೊಚ್ಚುಬಾಯಿಯ ಮುದುಕನಿಗೆ ತಾನೂ ಒಂದು ತಿನ್ನಿಸಿದ. ಮುದುಕ ಇನ್ನೊಬ್ಬನಿಗೆ ತಿನ್ನಿಸಿದ. ಚಾಪೆಯ ಸುತ್ತ ಎಲ್ಲರೂ ನಗುತ್ತ ಒಬ್ಬರ ಬಾಯಿಗೆ ಒಬ್ಬರು ಇಡತೊಡಗಿದರು. ನಾವು ಬಿಡಿಸಿ ಹೇಳಲಿಲ್ಲ.

ಮರುದಿನ ಒಂಟೆ ಎದ್ದು ನಿಂತ ಮೇಲೆ ಸೈಫ್ ಓಡಿಬಂದು ಖರ್ಜೂರ ಹಿಡಿದ ಕೈ ಮೇಲೆತ್ತಿದ. ನಾನು ಬಾಗಿ ಬಾಯಿ ತೆರೆದೆ. ತಿರುವಿನಲ್ಲಿ ಹೊರಳಿ ನೋಡಿದಾಗ ಅವನು ಇನ್ನೂ ಅಲ್ಲಿಯೇ ನಿಂತಿದ್ದ. ಹಣ್ಣು ಕರಗಿತ್ತು. ಬೀಜವನ್ನು ಉಗುಳಲು ಮನಸ್ಸಾಗದೆ ಬಹಳ ದೂರ ಬಾಯಲ್ಲೇ ಇಟ್ಟುಕೊಂಡು ಬಂದೆ.